ಹಂದಿ ಯಾರದು? ತಿಮೋರ್-ಲೆಸ್ತೆಯ ಕಾಫಿ ಬೆಟ್ಟಗಳಲ್ಲಿ ನನ್ನ ಅನುಭವ

ತಿಮೋರ್-ಲೆಸ್ತೆಯ ಜನರಿಗೆ ಹಕ್ಕು ಅಂದರೇನು ಅಂತ ಪಾಠ ಹೇಳಲು ಹೊರಡುವವರನ್ನು ಕಂಡರೆ ನನಗೆ ಈಗಲೂ ನಗು ಬರುತ್ತದೆ. 24 ವರ್ಷ ಇಂಡೋನೇಷ್ಯಾದ ಆಕ್ರಮಣದಲ್ಲಿದ್ದ ಆಗ್ನೇಯ ಏಷ್ಯಾದ ಪುಟ್ಟ ನಾಡು ಅದು. 1999ರ ಆಗಸ್ಟ್ 30ರಂದು, ಇಂಡೋನೇಷ್ಯಾ ಪರ ಶಸ್ತ್ರಧಾರಿ ಮಿಲಿಷಿಯಾ ಗುಂಪುಗಳು ಊರೂರಲ್ಲಿ ಬೆದರಿಕೆ ಹಾಕುತ್ತಿದ್ದಾಗ, ಅಲ್ಲಿ ನೂರಕ್ಕೆ 98ಕ್ಕಿಂತ ಜಾಸ್ತಿ ಮತದಾರರು ಬಂದು ವೋಟು ಹಾಕಿದರು. ಅವರಲ್ಲಿ ನೂರಕ್ಕೆ 78.5ರಷ್ಟು ಮಂದಿ ಇಂಡೋನೇಷ್ಯಾದ ಜೊತೆ ಇರುವುದಿಲ್ಲ ಅಂದರು. ಅದಕ್ಕೆ ಸಿಕ್ಕ ಉತ್ತರ ಸುಟ್ಟ ಮನೆಗಳು, ಸಾವಿರಕ್ಕೂ ಹೆಚ್ಚು ಹೆಣಗಳು. ಇಂಥವರ ಮುಂದೆ ಚಾರ್ಟ್ ನೇತುಹಾಕಿ ಏನು ಹೇಳೋಣ? 2002ರ ಮೇ 20ಕ್ಕೆ ಅದೊಂದು ದೇಶ ಅಂತ ಆಯಿತು. ಆಮೇಲೆ ಕಲಿಯಬೇಕಾಗಿದ್ದು ಜನ ಅಲ್ಲ, ಹೊಸದಾಗಿ ಬಾಗಿಲು ತೆರೆದ ಕಚೇರಿಗಳು. ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ ಆಗಿತ್ತು.

ನಾನು ಚಿಕ್ಕಮಗಳೂರಿನ ಕಡೆಯವಳು. ಇಲ್ಲಿ ಹೆಣ್ಣುಮಕ್ಕಳ ಕಾನೂನು ನೆರವಿನ ಕೆಲಸ ಮಾಡಿಕೊಂಡಿದ್ದೆ. ಅದೇ ಅನುಭವದ ಮೇಲೆ ಆ ದೇಶದ ರಾಜಧಾನಿ ದಿಲಿಯ ಒಂದು ಸ್ಥಳೀಯ ಮಾನವ ಹಕ್ಕು ಸಂಘಟನೆಗೆ ಹೋಗಿ ಸೇರಿಕೊಂಡೆ. ಅಲ್ಲಿನ ಹಿರಿಯರು ಇಂಡೋನೇಷ್ಯಾ ಕಾಲದಲ್ಲಿ ಕದ್ದುಮುಚ್ಚಿ ಸಾಕ್ಷ್ಯ ಬರೆದಿಟ್ಟವರು. ಅವರ ಅಂದಿನ ಗೆಳೆಯರೆಲ್ಲ ಈಗ ಸರ್ಕಾರದಲ್ಲಿದ್ದಾರೆ. ಇದರಿಂದ ಅನುಕೂಲವೂ ಉಂಟು, ಕಷ್ಟವೂ ಉಂಟು. ಮಂತ್ರಿಗೆ ಫೋನ್ ಮಾಡಿದರೆ ಎತ್ತುತ್ತಾರೆ, ಆದರೆ ಜೊತೆಗೆ ಕಾಡಿನಲ್ಲಿ ಅಡಗಿದ್ದವನ ಇಲಾಖೆಯನ್ನು ಪತ್ರಿಕಾಗೋಷ್ಠಿ ಕರೆದು ಬೈಯೋದಕ್ಕೆ ನಾಲಿಗೆ ಹೊರಳುವುದಿಲ್ಲ. ಹಾಗಾಗಿ ಬೈಯೋ ಪತ್ರಗಳ ಕರಡು ಬರೆಯೋ ಕೆಲಸ ಜಾಸ್ತಿ ನನ್ನ ತಲೆಗೇ ಬಂತು. ಹೊರಗಿನವಳು, ಮಲಾಯ್, ಯಾರ ಸಂಬಂಧಿಯೂ ಅಲ್ಲ ಅಲ್ವಾ.

ನನ್ನ ಪಾಲಿಗೆ ಬಂದ ಜಿಲ್ಲೆ ಎರ್ಮೆರಾ. ದಿಲಿಯಿಂದ ಅದರ ಕೇಂದ್ರ ಗ್ಲೆನೋಗೆ ಮೂವತ್ತು ಕಿಲೋಮೀಟರ್ ಆಸುಪಾಸು, ಆದರೆ ಮಳೆಗಾಲದಲ್ಲಿ ಆ ಲೆಕ್ಕಕ್ಕೆ ಅರ್ಥವೇ ಇಲ್ಲ. ಪೂರ್ತಿ ಕಾಫಿ ಸೀಮೆ. ಮೇಲೆ ಎತ್ತರದ ನೆರಳಿನ ಮರ, ಕೆಳಗೆ ಕಾಫಿ ಗಿಡ, ಥೇಟ್ ನಮ್ಮ ಮಲೆನಾಡು. ಅರೇಬಿಕಾ ಮತ್ತು ರೊಬಸ್ಟಾ ತಾನಾಗಿಯೇ ಬೆರೆತು ಹುಟ್ಟಿದ ತಳಿ ಸಿಕ್ಕಿದ್ದು ಇದೇ ತಿಮೋರ್ ದ್ವೀಪದಲ್ಲಿ. ನಮ್ಮ ತೋಟಗಳಲ್ಲಿರುವ ಕಾವೇರಿ, ಚಂದ್ರಗಿರಿ ಎರಡೂ ತಳಿಗಳಲ್ಲಿ ಅದರ ರಕ್ತ ಇದೆ. ಇದನ್ನು ಅಲ್ಲಿನ ರೈತರಿಗೆ ಹೇಳಿದಾಗ ಸಿಕ್ಕ ಸಲಿಗೆ ಯಾವ ಗುರುತಿನ ಚೀಟಿಯಿಂದಲೂ ಸಿಗುತ್ತಿರಲಿಲ್ಲ. ಒಂದೇ ವ್ಯತ್ಯಾಸ, ನಮ್ಮಲ್ಲಿ ಕೊಯ್ಲು ಚಳಿಗಾಲದಲ್ಲಾದರೆ ಅಲ್ಲಿ ಮೇ ತಿಂಗಳಿಂದ ಶುರು. ಆ ತಿಂಗಳುಗಳಲ್ಲಿ ಸಭೆ ಕರೆದರೆ ಬರುವವರು ಮಕ್ಕಳು ಮತ್ತು ನಾಯಿಗಳು ಮಾತ್ರ.

ಕೆಲಸದ ವಿಷಯ ಮನೆಯೊಳಗಿನ ಹೊಡೆತ. 2010ರಲ್ಲಿ ಆ ದೇಶ ಕೌಟುಂಬಿಕ ಹಿಂಸೆಯ ವಿರುದ್ಧ ಪ್ರತ್ಯೇಕ ಕಾನೂನು ಮಾಡಿತು. ಅದರ ಪ್ರಕಾರ ಇದು ಸಾರ್ವಜನಿಕ ಅಪರಾಧ. ಅಂದರೆ ಹೆಂಡತಿ ದೂರು ಕೊಡಲೇಬೇಕಂತಿಲ್ಲ, ಕೊಟ್ಟ ಮೇಲೆ ವಾಪಸ್ ತೆಗೆದುಕೊಳ್ಳುವಂತೆಯೂ ಇಲ್ಲ. ಕಾಗದದ ಮೇಲೆ ಬಹಳ ಗಟ್ಟಿ ಕಾನೂನು. 2015ರ ಒಂದು ದೊಡ್ಡ ಸಮೀಕ್ಷೆಯಲ್ಲಿ, ಸಂಗಾತಿ ಇದ್ದ ಹೆಂಗಸರಲ್ಲಿ ನೂರಕ್ಕೆ 59 ಮಂದಿ ಆ ಸಂಗಾತಿಯಿಂದಲೇ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಅಂದರು. ಹಳ್ಳಿಯಲ್ಲಿ ಕೇಳಿದರೆ ಮಾತ್ರ "ತಟ್ಟೆ ಚಮಚ ಒಂದಕ್ಕೊಂದು ತಾಗೋದು ಇದ್ದದ್ದೇ" ಅನ್ನುತ್ತಾರೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುವ ಊರಿನಿಂದ ಹೋದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಳ್ಳಿಯಲ್ಲಿ ಯಾರನ್ನು ಮೊದಲು ಕಾಣಬೇಕು ಅನ್ನೋದಕ್ಕೆ ಒಂದು ಕ್ರಮ ಇದೆ. ಮೊದಲು ಗ್ರಾಮದ ಮುಖ್ಯಸ್ಥ, ಶೆಫೆ ಸುಕು. ಆಮೇಲೆ ಲಿಯಾ-ನಾಯಿನ್, ಅಂದರೆ ಪದ್ಧತಿ, ವಂಶ, ನ್ಯಾಯ ಎಲ್ಲದರ ಲೆಕ್ಕ ಬಾಯಲ್ಲಿಟ್ಟುಕೊಂಡ ಹಿರಿಯರು. ಆಮೇಲೆ ಚರ್ಚಿನವರು. ದೇಶದಲ್ಲಿ ಬಹುಪಾಲು ಎಲ್ಲರೂ ಕ್ಯಾಥೊಲಿಕರು, ಹಾಗಾಗಿ ಭಾನುವಾರದ ಪೂಜೆ ಮುಗಿದ ಮೇಲೆ ಕರೆದ ಸಭೆಗೆ ಜನ ಸೇರುತ್ತಾರೆ. ಪತ್ರ ಕೊಟ್ಟು ಬಂದರೆ ಸಾಲದು, ಕೂತು ಕಾಫಿ ಕುಡಿದು, ನಿನ್ನ ಊರಲ್ಲಿ ಮಳೆ ಹೇಗೆ ಅಂತ ಕೇಳಿಸಿಕೊಂಡು, ಆಮೇಲೇ ವಿಷಯ. ದೇಶಕ್ಕೆಲ್ಲ ನಡೆಯುವ ತೇತುಂ ಭಾಷೆ ಕಲಿಯದೆ ಇದು ಸಾಧ್ಯವೇ ಇಲ್ಲ. ತೇತುಂ ಸಾಲದ ಕಡೆ ಮಾಂಬಾಯ್ ಭಾಷೆ ಬೇಕು. ಅದಕ್ಕೆ ಅದೇ ಊರಿನ ಕಡೆಯ ಹೆಂಗಸನ್ನೇ ಕರೆದುಕೊಂಡು ಹೋಗಬೇಕು. ಗಂಡಸು ದುಭಾಷಿ ಇದ್ದರೆ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತದೆ.

ಸಭೆಯಲ್ಲಿ ನಾವು ಕಾನೂನು ಓದುತ್ತಿರಲಿಲ್ಲ. "ಈ ಊರಲ್ಲಿ ಒಬ್ಬ ಹೆಂಡತಿಗೆ ಹೊಡೆದರೆ ಮುಂದೆ ಏನೇನಾಗುತ್ತದೆ, ಒಂದೊಂದಾಗಿ ಹೇಳಿ" ಅಂತ ಕೇಳಿ ಸುಮ್ಮನಿರುತ್ತಿದ್ದೆವು. ಅವರು ಹೇಳಿದ್ದನ್ನೆಲ್ಲ ದೊಡ್ಡ ಹಾಳೆಯ ಮೇಲೆ ಬರೆಯುತ್ತಿದ್ದೆವು. ಮೊದಲು ಎರಡೂ ಮನೆಯವರು ಕೂರುತ್ತಾರೆ, ಆಗದಿದ್ದರೆ ಕೇರಿಯ ಮುಖ್ಯಸ್ಥ, ಆಮೇಲೆ ಶೆಫೆ ಸುಕು ಮತ್ತು ಲಿಯಾ-ನಾಯಿನ್, ಚಾಪೆ ಹಾಸಿ ಪಂಚಾಯ್ತಿ, ತಪ್ಪಿತಸ್ಥನಿಗೆ ಹಂದಿ, ತಾಯಿಸ್ ಬಟ್ಟೆ, ಒಂದಿಷ್ಟು ಹಣದ ದಂಡ, ಎಲ್ಲರಿಗೂ ಊಟ. ಪ್ರತಿ ಹೆಜ್ಜೆಯ ಮುಂದೆ ಖರ್ಚು ಯಾರದು, ಸಿಕ್ಕಿದ್ದು ಯಾರಿಗೆ ಅಂತ ಎರಡು ಅಂಕಣ. ಗಂಡಸರ ಸಭೆಯಲ್ಲಿ ಈ ಹಾಳೆ ಸಲೀಸಾಗಿ ತುಂಬುತ್ತಿತ್ತು.

ಅದೇ ಹಾಳೆಯನ್ನು ಹೆಂಗಸರ ಹತ್ತಿರ ತೆಗೆದುಕೊಂಡು ಹೋಗುತ್ತಿದ್ದೆವು. ಗ್ರಾಮ ಕಚೇರಿಗೆ ಅಲ್ಲ, ನೀರಿನ ಟ್ಯಾಂಕಿನ ಹತ್ತಿರ ಅಥವಾ ಕಾಫಿ ಬೀಜ ಆರಿಸುವ ಅಂಗಳಕ್ಕೆ. ಅಲ್ಲಿ ಒಬ್ಬ ಹೆಂಗಸು ಹಾಳೆ ನೋಡುತ್ತಾ ಹೇಳಿದ್ದು ಇಷ್ಟು: "ಹಂದಿ ಸಾಕಿದ್ದು ನಾನು. ಏಟು ತಿಂದಿದ್ದೂ ನಾನು. ಮಾಂಸ ತಿಂದಿದ್ದು ಅವರು." ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಲೆಕ್ಕ ಕೊಡಲು ಶುರು ಮಾಡಿದರು. ಗಂಡನಿಗೆ ಹಾಕಿದ ದಂಡ ಹೋಗುವುದು ಅವಳು ಬೆಳೆಸಿದ ಹಂದಿಯಿಂದ, ಅವಳ ಮಗಳ ಶಾಲೆ ಬಟ್ಟೆಯ ದುಡ್ಡಿನಿಂದ. ಪರಿಹಾರ ಸೇರುವುದು ಅವಳ ಅಪ್ಪ ಅಥವಾ ಅಣ್ಣನ ಮನೆಗೆ. ಮದುವೆಯಲ್ಲಿ ಬರ್ಲಾಕೆ ಅಂತ ಎಮ್ಮೆ, ಕುದುರೆ, ದುಡ್ಡು ಎರಡೂ ಮನೆಗಳ ನಡುವೆ ಓಡಾಡಿರುವುದರಿಂದ ಅವಳು ತವರಿಗೆ ಹಿಂತಿರುಗಿದರೆ ಆ ಲೆಕ್ಕವೆಲ್ಲ ಮತ್ತೆ ತೆರೆಯುತ್ತದೆ, ಅದು ಯಾರಿಗೂ ಬೇಡ. ನಾವು ಯಾವ ಪಾಠವನ್ನೂ ಹೇಳಿರಲಿಲ್ಲ. ಎರಡು ಅಂಕಣ ಗೀಚಿದ್ದೆವು, ಅಷ್ಟೇ.

ಆ ಕಾಲಕ್ಕೆ ತಾರಾ ಬಂದು ಅನ್ನುವ ಪದ್ಧತಿಯ ಬಗ್ಗೆ ದಿಲಿಯಲ್ಲಿ ಬಹಳ ಉತ್ಸಾಹ ಇತ್ತು. ಊರವರೆಲ್ಲ ಸೇರಿ, ಬಲಿ ಕೊಟ್ಟು, ಇಂಥದ್ದು ಮಾಡಬಾರದು, ಮಾಡಿದರೆ ದಂಡ ಅಂತ ಕಟ್ಟಳೆ ಹಾಕುವುದು. ಮರ ಕಡಿಯಬೇಡಿ, ದನ ಬಿಡಬೇಡಿ ಅನ್ನೋದಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಎರ್ಮೆರಾದಲ್ಲೇ 2012ರಲ್ಲಿ ಮದುವೆ, ಸಾವಿನ ಕಾರ್ಯಗಳ ದುಂದುವೆಚ್ಚಕ್ಕೆ ಇಡೀ ಜಿಲ್ಲೆಗೆ ಅನ್ವಯಿಸುವ ಕಟ್ಟಳೆ ಹಾಕಿದರು. ಅದು ನನಗೆ ನಿಜಕ್ಕೂ ಇಷ್ಟವಾಯಿತು. ಆದರೆ ಹೊಡೆತಕ್ಕೂ ತಾರಾ ಬಂದು ಹಾಕಿಬಿಡೋಣ ಅಂತ ಬಂದವರಿಗೆ ನಾನು ಒಪ್ಪಲಿಲ್ಲ. ಮತ್ತೆ ಅದೇ ಹಂದಿ ತಾನೇ?

ಹಿರಿಯರ ವಾದವನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಒಬ್ಬ ಲಿಯಾ-ನಾಯಿನ್ ನೇರವಾಗಿ ಕೇಳಿದರು: "1999ರಲ್ಲಿ ಮನೆ ಸುಟ್ಟವನನ್ನೇ ಚಾಪೆಯ ಮೇಲೆ ಕೂರಿಸಿ ರಾಜಿ ಮಾಡಿಸಿದೆವು, ಆಗ ಸರ್ಕಾರವೇ ಬಂದು ಚಪ್ಪಾಳೆ ಹೊಡೆಯಿತು. ಈಗ ಒಂದು ಕಪಾಳದೇಟಿಗೆ ಕೋರ್ಟಿಗೆ ಹೋಗಬೇಕಾ?" ಅವರು ಹೇಳಿದ್ದು ನಿಜ. 2002ರಿಂದ 2005ರವರೆಗೆ ಕೆಲಸ ಮಾಡಿದ ಸತ್ಯ ಆಯೋಗ, ಊರಿನ ಪದ್ಧತಿಯಂತೆ ಚಾಪೆ ಹಾಸಿ ನಡೆಸಿದ ಕಲಾಪಗಳಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಅವರ ಊರಿನೊಂದಿಗೆ ರಾಜಿ ಮಾಡಿಸಿತ್ತು. ಅದೇ ಆಯೋಗದ ವರದಿ, 1974ರಿಂದ 1999ರವರೆಗೆ ಕೊಲೆ, ಹಸಿವು, ಕಾಯಿಲೆಯಿಂದ ಕನಿಷ್ಠ 1,02,800 ಜನ ಸತ್ತರು ಅಂತ ಲೆಕ್ಕ ಹಾಕಿದ್ದು.

ಉತ್ತರ ಕೊಟ್ಟಿದ್ದು ನಾನಲ್ಲ, ನನ್ನ ಸಹೋದ್ಯೋಗಿ. ಅವರು ಆ ಆಯೋಗದಲ್ಲೇ ಊರೂರು ಅಲೆದವರು. ಬಹಳ ಮೆತ್ತಗೆ ಹೇಳಿದರು. "ತಿಯು (ಮಾವ), ಆಗ ಚಾಪೆಗೆ ಬರುವ ಮೊದಲು ಪ್ರತಿಯೊಬ್ಬನ ಹೇಳಿಕೆ ಪ್ರಾಸಿಕ್ಯೂಟರ್ ಹತ್ತಿರ ಹೋಗುತ್ತಿತ್ತು, ನೆನಪಿದೆಯಾ? ಕೊಲೆ, ಅತ್ಯಾಚಾರ ಇದ್ದರೆ ಚಾಪೆಗೇ ಬಿಡುತ್ತಿರಲಿಲ್ಲ. ರಾಜಿ ಆದ ಮೇಲೆ ಆ ಕಾಗದ ಕೋರ್ಟಿನಲ್ಲಿ ದಾಖಲಾಗುತ್ತಿತ್ತು. ಚಾಪೆ ಒಂಟಿಯಾಗಿ ಇರಲಿಲ್ಲ." ಸಭೆಯಲ್ಲಿ ಇದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಕೊನೆಗೆ ಬಂದ ಒಪ್ಪಂದ: ಚಾಪೆ ಬೇಕಾದರೆ ಹಾಸಿಕೊಳ್ಳಿ, ಮನೆಗಳ ನಡುವಿನ ಮನಸ್ತಾಪ ತೀರಿಸಿಕೊಳ್ಳಿ, ಆದರೆ ಪೊಲೀಸರಿಗೆ ತಿಳಿಸಿದ ಮೇಲೆ, ಅದರ ಬದಲಿಗೆ ಅಲ್ಲ. ಶೆಫೆ ಸುಕುವಿಗೆ ನಾವು ತೋರಿಸಿದ್ದು ಗ್ರಾಮ ಮುಖ್ಯಸ್ಥರ ಬಗ್ಗೆ ಆಗ ಜಾರಿಯಲ್ಲಿದ್ದ 2009ರ ಕಾನೂನನ್ನು. ಮನೆಯೊಳಗಿನ ಹಿಂಸೆ ತಡೆಯುವುದು, ನೊಂದವರನ್ನು ಕಾಪಾಡುವುದು ಮುಖ್ಯಸ್ಥನ ಕರ್ತವ್ಯ ಅಂತ ಅದರಲ್ಲೇ ಬರೆದಿತ್ತು. ಹೊರಗಿನವರು ಹೇಳಿದ್ದಲ್ಲ, ನಿಮ್ಮ ಹುದ್ದೆಯ ಜೊತೆಗೇ ಬಂದಿದ್ದು ಅಂದಾಗ ಅವರ ಧಾಟಿ ಬದಲಾಯಿತು. ಇನ್ನು ಮುಂದೆ ಬೈದರೆ ನನ್ನನ್ನಲ್ಲ, ಕಾನೂನನ್ನು ಬೈಯಿರಿ ಅನ್ನಲು ಅವರಿಗೂ ಒಂದು ನೆಪ ಬೇಕಿತ್ತು.

ಇಷ್ಟಾದ ಮೇಲೇ ಅಸಲಿ ಕೆಲಸ, ದಿಲಿ ಕಡೆಯದ್ದು. ಊರವರು ಒಪ್ಪಿ ಠಾಣೆಗೆ ಹೋದರೆ ಜೀಪಿಗೆ ಡೀಸೆಲ್ ಇಲ್ಲ ಅಂದರು. ಎರ್ಮೆರಾ ಸೇರುತ್ತಿದ್ದುದು ದಿಲಿಯ ಕೋರ್ಟಿಗೆ. ಇಡೀ ದೇಶಕ್ಕೆ ಆಗ ಇದ್ದದ್ದು ನಾಲ್ಕೇ ಜಿಲ್ಲಾ ಕೋರ್ಟು: ದಿಲಿ, ಬೌಕಾವ್, ಸುವಾಯ್, ಒಯೆಕುಸೆ. ವಿಚಾರಣೆಯ ನೋಟಿಸು ಬೆಟ್ಟ ಹತ್ತಿ ಬರುವಷ್ಟರಲ್ಲಿ ತಾರೀಕು ಮುಗಿದಿರುತ್ತಿತ್ತು. ಕೋರ್ಟಿನ ಕಾಗದ ಪೋರ್ಚುಗೀಸಿನಲ್ಲಿ, ಮಾತು ತೇತುಂನಲ್ಲಿ, ಹೆಂಗಸಿನ ಸಂಕಟ ಮಾಂಬಾಯ್‌ನಲ್ಲಿ. ಅದರ ಮೇಲೆ, ಹೆಂಡತಿ ಗಂಡನ ವಿರುದ್ಧ ಸಾಕ್ಷಿ ಹೇಳಲು ನಿರಾಕರಿಸಬಹುದು ಅಂತ ಅಲ್ಲಿನ ಕ್ರಿಮಿನಲ್ ವಿಚಾರಣೆಯ ಕಾನೂನಿನಲ್ಲಿದೆ. ಅವಳು ಸುಮ್ಮನಾದರೆ ಕೇಸು ಅಲ್ಲಿಗೆ ಕುಸಿಯುತ್ತದೆ. ಶಿಕ್ಷೆಯಾದರೂ ಬಹಳಷ್ಟು ಸಲ ಅಮಾನತಿನಲ್ಲಿಟ್ಟ ಜೈಲು ಶಿಕ್ಷೆ. ಅಂದರೆ ಅವನು ಅದೇ ಲಾರಿ ಹತ್ತಿ ಅವಳ ಜೊತೆಗೇ ಮನೆಗೆ ಬರುತ್ತಾನೆ. ಹಲವು ಹೆಂಗಸರು ನನಗೆ ಹೇಳಿದ್ದು, ಅವನು ಜೈಲಿಗೆ ಹೋಗೋದು ಬೇಡ, ಹೊಡೆಯೋದು ನಿಲ್ಲಬೇಕು, ದುಡ್ಡು ಮಕ್ಕಳಿಗೆ ಬರಬೇಕು ಅಂತ. 2010ರ ಕಾನೂನಿನಲ್ಲಿ ಜೀವನಾಂಶಕ್ಕೆ ಅವಕಾಶ ಇದೆ. ಅದನ್ನು ಕೇಳಿ ಅರ್ಜಿ ಹಾಕುವವರು ಕಡಿಮೆ, ಯಾಕಂದರೆ ಹಾಗೊಂದು ಇದೆ ಅಂತ ಹೇಳುವವರೇ ಕಡಿಮೆ.

ನಮ್ಮ ಪತ್ರಗಳೆಲ್ಲ ಇದರ ಮೇಲೆಯೇ. ದೊಡ್ಡ ಮಾತು ಬೇಡ ಅಂತ ನಾನು ಹಟ ಹಿಡಿದಿದ್ದೆ. ಈ ಗ್ರಾಮಕ್ಕೆ ನೋಟಿಸು ಯಾವತ್ತು ಹೊರಟಿತು, ಯಾವತ್ತು ಮುಟ್ಟಿತು, ಅಷ್ಟನ್ನೇ ಒಂದು ಪಟ್ಟಿ ಮಾಡಿ ಕೊಡೋಣ ಅಂದೆ. ಆ ಪಟ್ಟಿ ಇಟ್ಟುಕೊಂಡು ಕೂತ ಸಭೆಯಲ್ಲಿ ಯಾರಿಗೂ ಸಿಟ್ಟು ಬರಲಿಲ್ಲ, ಜಾರಿಕೊಳ್ಳಲೂ ಆಗಲಿಲ್ಲ. ನೋಟಿಸು ಹೊರಟ ದಿನವೇ ಶೆಫೆ ಸುಕುವಿಗೆ ಫೋನ್ ಮಾಡಿ ತಿಳಿಸಲು ಒಪ್ಪಿದರು. ಕೋರ್ಟೇ ಜಿಲ್ಲೆಗೆ ಬಂದು ವಿಚಾರಣೆ ನಡೆಸುವ ಸಂಚಾರಿ ಕೋರ್ಟು ಗ್ಲೆನೋಗೆ ಬಂದ ದಿನಗಳಲ್ಲಿ ಸಾಕ್ಷಿಗಳು ಬರುವುದು ಎಷ್ಟು ಸುಲಭ ಅಂತ ಕಣ್ಣಾರೆ ಕಂಡಿದ್ದರಿಂದ, ಅದು ಹೆಚ್ಚಾಗಲಿ ಅಂತಲೂ ಪ್ರತಿ ಸಭೆಯಲ್ಲಿ ಕೇಳುತ್ತಿದ್ದೆವು.

ಇನ್ನು ದುಡ್ಡಿನ ವಿಷಯ. ಹೊರದೇಶದ ದಾನಿಗಳು ಜಾಗೃತಿ ಶಿಬಿರಕ್ಕೆ, ಬ್ಯಾನರಿಗೆ, ಟೀಶರ್ಟಿಗೆ ಕೊಡುತ್ತಾರೆ. ಸಾಕ್ಷಿ ಹೇಳಲು ದಿಲಿಗೆ ಹೋಗುವ ಹೆಂಗಸಿನ ಲಾರಿ ಚಾರ್ಜಿಗೆ, ಅವಳ ಜೊತೆ ಬರುವ ತಂಗಿಯ ಊಟಕ್ಕೆ ಕೊಡಿ ಅಂದರೆ ಅದು ಯೋಜನೆಯ ಚೌಕಟ್ಟಿನಲ್ಲಿ ಇಲ್ಲ ಅನ್ನುತ್ತಾರೆ. ಕೊನೆಗೆ ಟೀಶರ್ಟು ಬಿಟ್ಟು ಆ ದುಡ್ಡನ್ನು ಪ್ರಯಾಣಕ್ಕೆ ಹಾಕಿಸಿಕೊಂಡೆವು. ಆಗ ಆಡಿಟ್‌ನವರು ರಸೀದಿ ಕೇಳಿದರು. ಬೆಟ್ಟದ ಲಾರಿಯವನು ರಸೀದಿ ಎಲ್ಲಿಂದ ತರಬೇಕು? ಕೇರಿಯ ಮುಖ್ಯಸ್ಥರು ಒಂದು ಹಾಳೆಯಲ್ಲಿ ತಾರೀಕು, ಹೆಸರಿನ ಬದಲು ಕೇಸಿನ ನಂಬರು, ಕೊಟ್ಟ ಡಾಲರು ಬರೆದು ಸಹಿ ಹಾಕಿಕೊಟ್ಟರು. ಅದನ್ನೇ ಆಡಿಟ್‌ಗೆ ಕಳಿಸಿದೆವು, ಪಾಸಾಯಿತು.