ಕರ್ನಲ್‌ನ ಸುಳ್ಳು ಎಚ್ಚರಿಕೆ: ನಾನು ಸರಿಮಾಡಿದ್ದು ಹೀಗೆ

ಶಿರಸಿಯಲ್ಲಿ ಅಡಿಕೆ ಡ್ರೈಯರ್‌ನ ತೇವಾಂಶ ಸೆನ್ಸರ್‌ಗೆ ಲಿನಕ್ಸ್ ಡ್ರೈವರ್ (ಸಾಧನವನ್ನು ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಜೋಡಿಸುವ ಕೋಡ್) ಬರೆಯುತ್ತಿದ್ದೆ. ಕೆಲಸವೇನೋ ಚೆನ್ನಾಗೇ ನಡೆಯುತ್ತಿತ್ತು. ಆದರೆ ಲಾಗ್‌ನಲ್ಲಿ ಎಚ್ಚರಿಕೆ: ಟಾಸ್ಕ್ (ಕರ್ನಲ್ ನಡೆಸುವ ಒಂದು ಕೆಲಸ) ರನ್ನಿಂಗ್ ಸ್ಥಿತಿಯಲ್ಲಿ ಇಲ್ಲದಾಗ ಬ್ಲಾಕ್ ಆಗುವ, ಅಂದರೆ ಕಾದು ನಿಲ್ಲಬಹುದಾದ, ಕೆಲಸ ಮಾಡಬೇಡಿ.

ಕಾಯುವ ಲೂಪ್‌ನಲ್ಲಿ ಪ್ರಿಪೇರ್_ಟು_ವೇಯ್ಟ್ ಫಂಕ್ಷನ್ ಟಾಸ್ಕನ್ನು ಮಲಗುವ ಸ್ಥಿತಿಗೆ ತರುತ್ತದೆ. ಆಮೇಲೆ ಷರತ್ತು ನೋಡಲು ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರಿಗೇ ಸಿಗುವ ಬೀಗ) ಹಿಡಿಯುತ್ತೇವೆ, ಅಲ್ವಾ? ಅದಕ್ಕೂ ಕಾಯಬೇಕಾಗಿ ಬಂದರೆ ಸ್ಥಿತಿ ಮತ್ತೆ ರನ್ನಿಂಗ್ ಆಗಿಬಿಡುತ್ತದೆ. ಮುಂದಿನ ಶೆಡ್ಯೂಲ್ (ಟಾಸ್ಕನ್ನು ಮಲಗಿಸಬೇಕಾದ ಕರೆ) ಮಲಗದೆ ವಾಪಸ್ ಬರುತ್ತದೆ.

ನನ್ನ ಮ್ಯೂಟೆಕ್ಸ್‌ಗೆ ಪೈಪೋಟಿ ತೀರಾ ಅಪರೂಪ. ಲೂಪ್ ಒಂದು ಸುತ್ತು ಜಾಸ್ತಿ ಹೊಡೆಯುತ್ತದೆ, ಅಷ್ಟೇ. ಹಾಗಾಗಿ ಮ್ಯೂಟೆಕ್ಸ್‌ಗೆ ಮುಂಚೆ ಸ್ಕೆಡ್_ಅನೋಟೇಟ್_ಸ್ಲೀಪ್ (ಇದು ಗೊತ್ತಿದ್ದೇ ಮಾಡಿದ್ದು ಎಂದು ಕರ್ನಲ್‌ಗೆ ಹೇಳುವ ಕರೆ) ಹಾಕಿ, ಕಾರಣವನ್ನೂ ಕಾಮೆಂಟ್‌ನಲ್ಲಿ ಬರೆದೆ. ಎಚ್ಚರಿಕೆ ನಿಂತಿತು. ಸುಮ್ನೆ ಈ ಎಚ್ಚರಿಕೆ ಕೊಡುವ ಡಿಬಗ್ ಆಯ್ಕೆಯನ್ನೇ ಆಫ್ ಮಾಡಬೇಡಿ, ನಿಜವಾದ ತಪ್ಪೂ ಕಾಣದೆ ಹೋಗುತ್ತದೆ. ಪದೇ ಪದೇ ಬ್ಲಾಕ್ ಆಗುವಂತಿದ್ದರೆ ಷರತ್ತು ನೋಡಿದ ಮೇಲಷ್ಟೇ ಟಾಸ್ಕಿನ ಸ್ಥಿತಿ ಬದಲಿಸುವ ವೇಯ್ಟ್_ವೋಕನ್ ಬಳಸಿ, ಕರ್ನಲ್ 3.19ರಿಂದ ಇದೆ.