ಬೋರ್ ನೀರು ಬಿಟ್ಟೆ, ಬಟಾಣಿ ಬೆಣ್ಣೆಯಾಯಿತು

ಒಣ ಹಸಿರು ಬಟಾಣಿ ಬೇಯಿಸಿ, ಮಸ್ಸೊಪ್ಪಿನ ಹಾಗೆ ಮಸೆದು, ಒಗ್ಗರಣೆ ಕೊಡೋದು. ಚಪಾತಿಗೆ ನೆಂಚಿಕೊಳ್ಳೋಕೆ. ಇಷ್ಟಕ್ಕೆ ನನಗೆ ಎರಡು ತಿಂಗಳು ಹಿಡಿಯಿತು. "ಅತ್ತಿಗೆ, ಫ್ರೋಜನ್ ತಂದುಬಿಡಿ, ಹತ್ತು ನಿಮಿಷದ ಕೆಲಸ" ಅಂತ ನಾದಿನಿ ಹೇಳುತ್ತಲೇ ಇದ್ದಳು. ಅತ್ತೆಯಂತೂ "ಈ ಮನೇಲಿ ಒಣ ಬಟಾಣಿ ಬೇಯಲ್ಲ ಕಣೇ" ಅಂದುಬಿಟ್ಟಿದ್ದರು. ಹೋದ ಭಾನುವಾರ ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡರು. ಅದಕ್ಕೇ ಬರೆಯುತ್ತಿದ್ದೇನೆ.

ಫ್ರೋಜನ್ ನಾನೂ ಮಾಡಿ ನೋಡಿದ್ದೇನೆ. ಬರೀ ಸಿಹಿ, ಮಸೆದರೆ ನೀರು ಬೇರೆ, ಸಿಪ್ಪೆ ಬೇರೆ. ಹಸಿ ಬಟಾಣಿ ಒಂದು ಕೆಜಿ ಸುಲಿದರೆ ಅರ್ಧ ಕೆಜಿ ಕಾಳೂ ಸಿಗಲ್ಲ, ಸೀಸನ್ ಮುಗಿದ ಮೇಲೆ ರೇಟು ಕೇಳೋದೇ ಬೇಡ. ಒಣದ್ದು ಕೆಜಿಗೆ 140 ರೂಪಾಯಿ ಆಸುಪಾಸು ಕೊಟ್ಟ ನೆನಪು. ಒಂದು ಪಾವು ನೆನೆಸಿದರೆ ನಾಲ್ಕೈದು ಜನಕ್ಕೆ ಆಗಿ ಮಿಗುತ್ತದೆ.

ಮೊದಲನೇ ಸಲ 6 ವಿಸಿಲ್ ಕೂಗಿಸಿದೆ. ಕಲ್ಲು. ಇನ್ನೂ 5 ಕೂಗಿಸಿದೆ, ಸಿಪ್ಪೆ ಬಿಟ್ಟಿತು, ಒಳಗೆ ಹಾಗೇ. ಮುಂದಿನ ಸಲ ಸಿಟ್ಟಿಗೆ ಅರ್ಧ ಚಮಚ ಅಡುಗೆ ಸೋಡಾ ಸುರಿದೆ. ಬೆಂದಿತೇನೋ ನಿಜ, ಆದರೆ ಸೋಪು ನೆಕ್ಕಿದ ಹಾಗಿತ್ತು, ಪೂರ್ತಿ ಚೆಲ್ಲಿದೆ. ಮೂರನೇ ಸಲ ಟೊಮೆಟೊ ಜೊತೆಗೇ ಹಾಕಿದ್ದು ತಪ್ಪು. ಹುಳಿ ಬಿದ್ದರೆ ಕಾಳು ಬಿಗಿದುಕೊಳ್ಳುತ್ತದೆ, ಗೊತ್ತಿದ್ದೂ ಆತುರ ಮಾಡಿದೆ. ನಡುವೆ ಒಂದು ಅಂಗಡಿಯಿಂದ ತಂದ ಬಟಾಣಿ ನೆನೆಹಾಕಿದರೆ ಅರ್ಧ ಗಂಟೆಗೆ ನೀರು ಕಡುಹಸಿರು, ಬಣ್ಣ ಹಾಕಿದ ಮಾಲು. ಅದೂ ಚರಂಡಿಗೆ. ಗ್ಯಾಸ್ ಬಿಟ್ಟು ಬರೀ ಸಾಮಾನಿಗೇ 400 ರೂಪಾಯಿ ಹೋಗಿರಬೇಕು.

ಆಮೇಲೆ ಒಂದಿನ ಪಾತ್ರೆ ಉಜ್ಜುವಾಗ ತಳದ ಬಿಳಿ ಪೊರೆ ಕಣ್ಣಿಗೆ ಬಿತ್ತು. ನಮ್ಮದು ಬೆಂಗಳೂರಿನ ಹೊರಗಿನ ಬಡಾವಣೆ, ಬೋರ್ ನೀರೇ ಗತಿ. ಗಡಸು ನೀರಲ್ಲಿ ಕಾಳು ಬೇಯಲ್ಲ ಅಂತ ಅಜ್ಜಿ ಕಾಲದಿಂದ ಕೇಳಿದ್ದೇವೆ, ಅಲ್ವಾ? ನೆನೆಸೋಕೂ ಬೇಯಿಸೋಕೂ ಕುಡಿಯುವ ಫಿಲ್ಟರ್ ನೀರೇ ಬಳಸಿದೆ. ಅವತ್ತೇ ದಾರಿಗೆ ಬಂತು. ಬೋರ್ ನೀರನ್ನೇ ಕುದಿಸಿ, ಆರಿಸಿ, ಮೇಲಿನ ತಿಳಿ ಬಗ್ಗಿಸಿಕೊಂಡೂ ನೋಡಿದೆ. ಪರವಾಗಿಲ್ಲ, ಆದರೆ ಅಷ್ಟು ಮೆತ್ತಗಾಗಲ್ಲ.

ಈಗ ಮಾಡೋದು ಹೀಗೆ. ರಾತ್ರಿಯಿಡೀ, 10 ಗಂಟೆ ಕಾಲ ನೆನೆಸುತ್ತೇನೆ, ಸೋಡಾ ಎರಡು ಬೆರಳಿನ ಚಿಟಿಕೆಯಷ್ಟೇ. ಬೆಳಗ್ಗೆ ಆ ನೀರು ಚೆಲ್ಲಿ, ತೊಳೆದು, ಹೊಸ ನೀರಲ್ಲಿ 4 ವಿಸಿಲ್, ಆಮೇಲೆ ಸಣ್ಣ ಉರಿಯಲ್ಲಿ 10 ನಿಮಿಷ, ಕುಕ್ಕರ್ ತಾನಾಗೇ ಆರಬೇಕು. ಒಂದು ಕಾಳು ಹಿಸುಕಿ ನೋಡಿ. ಸಿಪ್ಪೆ ಜಾರಿ ತಿರುಳು ಬೆರಳ ಮೇಲೆ ಬೆಣ್ಣೆ ಥರ ಹರಡಬೇಕು. ನಡುವೆ ಸೂಜಿಮೊನೆಯಷ್ಟು ಗಟ್ಟಿ ಉಳಿದಿದ್ದರೂ ಇನ್ನೆರಡು ವಿಸಿಲ್.

ಬಿಸಿ ಇರುವಾಗಲೇ ಕಡಗೋಲಲ್ಲಿ ಮಸೆಯಬೇಕು, ಕಾಲುಭಾಗ ಕಾಳು ಇಡಿಯಾಗೇ ಇರಲಿ. ಮಿಕ್ಸಿ ಮುಟ್ಟಬೇಡಿ, ಗೋಂದಾಗುತ್ತದೆ. ಸಾಸಿವೆ, ಜೀರಿಗೆ, ಇಂಗು, ಕರಿಬೇವು, ಜಜ್ಜಿದ ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ಒಗ್ಗರಣೆ. ನಿಂಬೆಹುಳಿ ಒಲೆ ಆರಿಸಿದ ಮೇಲೆ. ಒಗ್ಗರಣೆಗೆ ಇನ್ನೊಂದು ಪುಡಿ ಬೀಳುತ್ತದೆ, ಅದು ನಮ್ಮಮ್ಮನದು, ಹೇಳಲ್ಲ. ಆರಿದರೆ ಗಟ್ಟಿಯಾಗುತ್ತದೆ, ಸ್ವಲ್ಪ ಸಡಿಲವಾಗೇ ಇಳಿಸಿ.

ಹಿತುಕಿದ ಅವರೆಬೇಳೆ ಥರ ನೆಂದ ಬಟಾಣಿಯ ಸಿಪ್ಪೆಯನ್ನೆಲ್ಲ ಹಿತುಕಿ ತೆಗೆದೂ ಒಮ್ಮೆ ಮಾಡಿದೆ. ಒಂದು ಪಾವಿಗೆ ಮುಕ್ಕಾಲು ಗಂಟೆ ಹೋಯಿತು. ಗಸಗಸೆ ಪಾಯಸದಷ್ಟು ನಯ, ಆದರೆ ನನಗೆ ಆ ಸಿಪ್ಪೆಯ ತರಿಯೇ ಇಷ್ಟ. ಕುಕ್ಕರಲ್ಲಿ ಮಿಕ್ಕ ಕಟ್ಟು ಚೆಲ್ಲಬೇಡಿ, ಸಾರಿಗೆ ಚೆನ್ನಾಗಿರುತ್ತದೆ.

ರಾತ್ರಿಗೆ ಉಳಿದರೆ ಚಕ್ಕೆ ಲವಂಗದ ಪುಡಿ, ಅರೆದ ಪುದೀನ, ಅರ್ಧ ಲೋಟ ಬಿಸಿನೀರು ಸೇರಿಸಿ ಕುದಿಸುತ್ತೇನೆ. ಪುರಿ ಮುರಿದು ಅದರ ಮೇಲೆ ಇದನ್ನು ಸುರಿದರೆ ಮಸಾಲೆ ಪುರಿ. ನಾದಿನಿ ಈಗ ಬರುವಾಗಲೇ ಪುರಿ ಪ್ಯಾಕೆಟ್ ತರುತ್ತಾಳೆ.