ಹಿರಿಯರ ಲೋಟಕ್ಕೆ ಮೊಳಕೆ ರಾಗಿಯ ಗಂಜಿ: ನನ್ನ ಅನುಭವ

ಮಂಡ್ಯ ಸೀಮೆಯ ವೃದ್ಧಾಶ್ರಮವೊಂದರ ಅಡುಗೆಮನೆ ನಡೆಸುವ ನಾನು, ಹಲ್ಲಿಲ್ಲದೆ ಹಸಿವೂ ಕುಗ್ಗಿದ ಹದಿನೈದರಷ್ಟು ಹಿರಿಯರಿಗೆ ಅಂಗಡಿಯ ಡಬ್ಬಿ ಪೌಷ್ಟಿಕ ಪುಡಿಯ ಬದಲು ಮೊಳಕೆ ರಾಗಿಯ ಗಂಜಿ ಕೊಡುತ್ತೇನೆಂದಾಗ, ‘ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೇನಮ್ಮ, ಒಂದು ಲೋಟಕ್ಕೆ ಎಷ್ಟು ಹಿಟ್ಟು ಹಿಡಿಸುತ್ತೀರಿ?’ ಎಂದು ನಮ್ಮ ಖಜಾಂಚಿಯವರು ಕೇಳಿದ್ದರು. ಪ್ರಶ್ನೆ ಸರಿಯಾದದ್ದೇ. ಮಾಮೂಲಿ ಹಿಟ್ಟು ಲೋಟಕ್ಕೆ 20 ಗ್ರಾಂ ದಾಟಿದರೆ ಗಂಜಿ ಗಟ್ಟಿಯಾಗಿ, ಕುಡಿಯುವವರು ಅರ್ಧಕ್ಕೇ ಬಿಡುತ್ತಾರೆ.

ಮೊಳಕೆ ಕಟ್ಟುವುದು, ಒಣಗಿಸಿ ಬೇರು ಉಜ್ಜಿ ಕೇರುವುದು ಎಲ್ಲರಿಗೂ ಗೊತ್ತಿರುವುದೇ. ಮೊದಲ ಸಲದ ಹತ್ತು ಕೆ.ಜಿ. ರಾಗಿ ಆಷಾಢದ ಮೋಡಕ್ಕೆ ಸಿಕ್ಕಿ ಬೂಷ್ಟು ಹಿಡಿದು ತಿಪ್ಪೆ ಸೇರಿತು. 450 ರೂಪಾಯಿ ಹೋಯಿತು. ಮುಂದಿನ ಸಲ ಅಡುಗೆಯವರು ಘಮ ಬರುವಂತೆ ಚೆನ್ನಾಗಿ ಹುರಿದರು. ಘಮವೇನೋ ಬಂತು, ಗಂಜಿ ಮಾತ್ರ ಅಷ್ಟೇ ಗಟ್ಟಿ, ಏಕೆಂದರೆ ಮೊಳಕೆಯಲ್ಲಿ ಹುಟ್ಟಿ, ಪಿಷ್ಟವನ್ನು ಒಡೆದು ಗಂಜಿಯನ್ನು ತೆಳುವಾಗಿಸುವ ಅಮೈಲೇಸ್ ಕಿಣ್ವ ಹೆಚ್ಚಿನ ಕಾವಿಗೆ ಉಳಿಯುವುದಿಲ್ಲ.

ಈಗ ಮುಕ್ಕಾಲು ಪಾಲನ್ನು ಮಾತ್ರ ಹುರಿಸಿ, ಉಳಿದದ್ದನ್ನು ಬಿಸಿಲಿನಲ್ಲಷ್ಟೇ ಒಣಗಿಸಿ ಬೇರೆ ಬೀಸಿಸುತ್ತೇನೆ. ಹುರಿದ ಹಿಟ್ಟಿನ ಗಂಜಿ ಬೆಂದ ಮೇಲೆ ಒಲೆಯಿಂದ ಇಳಿಸಿ, ಕುದಿ ಅಡಗಿ ಕಾವು ಸ್ವಲ್ಪ ಇಳಿದಾಗ ಹುರಿಯದ ಹಿಟ್ಟನ್ನು ಒಂದೆರಡು ಚಮಚ ಕದಡಿ ಮುಚ್ಚಿಡುತ್ತೇನೆ. ಸೌಟಿಗೆ ಅಂಟಿ ನಿಂತಿದ್ದ ಗಂಜಿ ಕಣ್ಣೆದುರೇ ಸಡಿಲವಾಗಿ ಧಾರೆಯಾಗಿ ಇಳಿಯುತ್ತದೆ. ಎಷ್ಟು ಹೊತ್ತು ಮುಚ್ಚಿಡಬೇಕೆಂಬುದು ನಮ್ಮ ಅಡುಗೆಮನೆಯ ಗುಟ್ಟಾಗಿರಲಿ. ಮೊಳಕೆಯಲ್ಲಿ ಸೂಕ್ಷ್ಮಾಣುಗಳೂ ಬೆಳೆದಿರುವುದರಿಂದ ಮತ್ತೊಮ್ಮೆ ಚೆನ್ನಾಗಿ ಕುದಿಸದೆ ಕೊಡಬಾರದೆಂಬುದನ್ನು ಮಾತ್ರ ಮುಚ್ಚಿಡಲಾರೆ. ಹೀಗೆ ಅದೇ ಲೋಟಕ್ಕೆ 40 ಗ್ರಾಂ ಹಿಟ್ಟು ಹಿಡಿಯುತ್ತದೆ.

ಎಲ್ಲರಿಗೂ ಇದು ಸಲ್ಲದು. ಪಾರ್ಶ್ವವಾಯುವಿನಿಂದ ನುಂಗಲು ತೊಡಕಾದವರಿಗೆ ತೆಳು ಗಂಜಿ ನೆತ್ತಿಗೇರುತ್ತದೆ. ಪಿಷ್ಟ ಸಕ್ಕರೆಯಾಗಿರುವುದರಿಂದ ಮಧುಮೇಹಿಗಳನ್ನು ನಾನು ಹೊರಗಿಟ್ಟಿದ್ದೇನೆ. ಡಿ ಮತ್ತು ಬಿ12 ಜೀವಸತ್ವಗಳಿಗೆ ವೈದ್ಯರು ಬರೆದ ಮಾತ್ರೆಯೇ ಗತಿ.

ನಡುವೆ ಅಗಸೆ ಬೀಜವನ್ನೂ ಬೆರೆಸಿ ನೋಡಿದೆ. ಇಡಿಯ ಬೀಜ ಜೀರ್ಣವಾಗದೆ ಹಾಗೆಯೇ ಹೊರಬೀಳುತ್ತದೆ, ಪುಡಿ ಮಾಡಿಟ್ಟರೆ ಬೇಗ ಕಮಟುತ್ತದೆ; ಆದ್ದರಿಂದ ವಾರಕ್ಕಾಗುವಷ್ಟೇ ಪುಡಿ ಮಾಡಿ ಚಟ್ನಿಪುಡಿಗೆ ಸೇರಿಸುತ್ತಿದ್ದೇವೆ. ಮಲಬದ್ಧತೆಯ ದೂರು ತಕ್ಕಮಟ್ಟಿಗೆ ಇಳಿದಿದೆ.

ಡಬ್ಬಿ ಪುಡಿಗೆ ತಿಂಗಳಿಗೆ 17 ಸಾವಿರದಷ್ಟು ಹೋಗುತ್ತಿದ್ದಲ್ಲಿ ಈಗ ರಾಗಿ, ಗಿರಣಿ, ಗ್ಯಾಸು, ಹಾಲು ಎಲ್ಲ ಸೇರಿ 6 ಸಾವಿರ ದಾಟುವುದಿಲ್ಲ. ಕೆಲವು ತಿಂಗಳಲ್ಲಿ ಹೆಚ್ಚಿನವರ ತೂಕ ಒಂದೆರಡು ಕೆ.ಜಿ. ಏರಿತು. ಅದೇ ಖಜಾಂಚಿಯವರು ಈಗ ಹಿಟ್ಟನ್ನು ಪೊಟ್ಟಣ ಕಟ್ಟಿ ಮಾರೋಣವೆನ್ನುತ್ತಾರೆ. ಕೇರುವ ಕೈ ಎರಡೇ ಜೋಡಿ ಇರುವಾಗ ನಾನು ಇನ್ನೂ ಒಪ್ಪಿಲ್ಲ.